ಕಂಬಕ್ಕೆ ಹೇಳಿದ ಮಾತು

ನಂದಿನಿ, ಹೋದ ವಾರ ನೀನು ರೇಡಿಯೋದವರಿಗೆ ಕಳಿಸಿದ ನಗೆನಾಟಕ ಬೇಡವೆಂದು ತಿರುಗಿ ಬಂತಲ್ಲ, ಆವತ್ತು ನೀನು ಊಟ ಬಿಟ್ಟು ಕೋಣೆಯ ಬಾಗಿಲು ಹಾಕಿಕೊಂಡೆ. ನಾನು ತಟ್ಟೆ ಹಿಡಿದು ಬಾಗಿಲ ಹೊರಗೆ ಬಹಳ ಹೊತ್ತು ನಿಂತಿದ್ದೆ. ಏನಾದರೂ ಹೇಳಬೇಕು ಅನ್ನಿಸಿತು, ಬಾಯಿ ಬರಲಿಲ್ಲ. ಎದುರಿಗೆ ನಿಂತು ಮಾತಾಡುವುದು ನಿನ್ನ ಈ ಅಜ್ಜಿಗೆ ಮೊದಲಿನಿಂದಲೂ ಆಗದ ಕೆಲಸ. ಆದ್ದರಿಂದ ಬರೆದು ಕೊಡುತ್ತಿದ್ದೇನೆ. ನಿನ್ನ ತಮ್ಮ ಕಿರಣನೂ ಓದಬಹುದು.

ತಪ್ಪಿದ್ದರೆ ತಿದ್ದಿಕೋ. ನನ್ನ ಓದು ಕೊಯಮತ್ತೂರು ಕಡೆಯ ಅನ್ನೂರಿನ ಹತ್ತಿರದ ಹಳ್ಳಿ ಶಾಲೆಯಲ್ಲಿ ಎಂಟನೆಯ ತರಗತಿವರೆಗೆ, ಅದೂ ತಮಿಳಿನಲ್ಲಿ. ನಮ್ಮ ಮನೆಗಳಲ್ಲಿ ಕನ್ನಡ ಬಾಯಿಯಲ್ಲಿತ್ತೇ ಹೊರತು ಕಣ್ಣಿಗೆ ಕಂಡಿರಲಿಲ್ಲ. ಮೈಸೂರಿಗೆ ಬಂದ ಮೇಲೆ, ನೀನು ಒಂದನೆಯ ತರಗತಿಯಲ್ಲಿ ಅ ಆ ಬರೆಯುವಾಗ ಪಕ್ಕದಲ್ಲಿ ಕೂತು ನಾನೂ ಬರೆದೆ. ನಿನ್ನ ಸ್ಲೇಟಿನಲ್ಲಿ ಕಲಿತ ಅಕ್ಷರಗಳನ್ನೇ ಈಗ ನಿನಗೆ ವಾಪಸು ಕೊಡುತ್ತಿದ್ದೇನೆ ಅಂತ ತಿಳಿದುಕೋ.

ನಮ್ಮದು ನೇಕಾರರ ಮನೆ. ಮುಂದಿನ ಅಂಕಣದಲ್ಲಿ ಮಗ್ಗ, ಹಿಂದೆ ಅಡಿಗೆಮನೆ. ಮಗ್ಗ ಅಂದರೆ ನೆಲದಲ್ಲಿ ಗುಂಡಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವಂಥದು. ಎರಡರ ನಡುವೆ ತಾಳೆಮರದ ಒಂದು ಕಂಬ. ಕಂಬದ ಮೊಳೆಗೆ ರೇಡಿಯೋ ನೇತುಹಾಕಿತ್ತು. ಮಗ್ಗದಲ್ಲಿ ನನ್ನ ಮಾವ ಇರುತ್ತಿದ್ದರು. ನಾನು ಅಡಿಗೆಮನೆಯ ಬಾಗಿಲ ಮರೆಯಲ್ಲಿ ರಾಟೆ ಹಾಕಿಕೊಂಡು, ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆ ಸುತ್ತುತ್ತಿದ್ದೆ.

ಸೊಸೆ ಮಾವನ ಎದುರು ಮಾತಾಡುವ ಹಾಗಿರಲಿಲ್ಲ. ಅದು ಮನಸ್ತಾಪವಲ್ಲ, ಮರ್ಯಾದೆ. ಅತ್ತೆ ನಾನು ಆ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು. ನಿಮ್ಮ ಅಜ್ಜ ಇರುವವರೆಗೆ ಅವರೇ ನಮ್ಮಿಬ್ಬರ ನಡುವೆ ಮಾತು ಹೊತ್ತರು. ಅವರ ಹೆಸರನ್ನು ನಾನು ಬಾಯಲ್ಲಿ ಹೇಳಿದವಳಲ್ಲ, ಇಲ್ಲಿಯೂ ಬರೆಯುವುದಿಲ್ಲ. ಮೂರು ದಿನದ ಜ್ವರದಲ್ಲಿ ಅವರು ಹೋದಾಗ ನಿಮ್ಮ ಅಮ್ಮ ಜಯ ತೊಟ್ಟಿಲಲ್ಲಿದ್ದಳು. ಆಮೇಲೆ ಆ ಮನೆಯಲ್ಲಿ ಮಾತು ಹೊರಲು ಯಾರೂ ಉಳಿಯಲಿಲ್ಲ. ಲಾಳಿ ಆ ಕಡೆ ಹೋಗುವುದು, ಈ ಕಡೆ ಬರುವುದು, ನನ್ನ ರಾಟೆ ಗುಂಯ್ ಅನ್ನುವುದು, ಇಷ್ಟೇ ಸದ್ದು. ತಿಂಗಳುಗಟ್ಟಲೆ ಹಾಗೆ ಹೋಯಿತು. ನೀರಿನ ಅಡಿಯಲ್ಲಿ ಮನೆ ಕಟ್ಟಿಕೊಂಡು ಇದ್ದ ಹಾಗೆ ಇತ್ತು.

ಒಂದು ಮಧ್ಯಾಹ್ನ ಮಾವ ಊಟಕ್ಕೆ ಕೂತರು. ಎರಡು ತುತ್ತು ತಿಂದು ಕೈ ನಿಲ್ಲಿಸಿದರು. ಕಂಬದ ಕಡೆ ತಿರುಗಿ ಹೇಳಿದರು:

"ಏ ಕಂಬ, ಈ ಮನೇಲಿ ಸಾರಿಗೆ ಉಪ್ಪು ಹಾಕಾದ ಬುಟ್ಬುಟ್ರಾ ಅಂತ ಒಳಗಿರೋರ್ನ ಕೇಳು."

ಕೈಯಲ್ಲಿದ್ದ ಸೌಟು ಕೆಳಗಿಟ್ಟೆ. ಬಾಗಿಲ ಮರೆಯಿಂದಲೇ ಅಂದೆ: "ಏ ಕಂಬ, ಬೆಳಿಗ್ಗೆ ಉಪ್ಪು ಜಾಸ್ತಿ ಅಂತ ಗೊಣಗುಟ್ಟಿದ್ದು ಮಗ್ಗದಲ್ಲಿರೋರೇ ಅಲ್ವಾ, ಕೇಳು."

ತಟ್ಟೆಯಲ್ಲಿ ಇನ್ನೊಂದು ತುತ್ತು ಕಲಸುವ ಸದ್ದು. ಆಮೇಲೆ ಮಾವ, "ಸೆರಿ ಕಂಬ, ನೀನು ಆ ಕಡೆಗೇ ಸೇರ್ಕೊಂಡೆ," ಅಂದರು.

ಅವತ್ತು ನಾನು ಒಲೆಯ ಮುಂದೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕೆ. ನಿಮ್ಮ ಅಜ್ಜ ಹೋದ ಮೇಲೆ ಅದೇ ಮೊದಲ ನಗು. ನಕ್ಕಿದ್ದಕ್ಕೆ ಆಮೇಲೆ ಅತ್ತುಬಿಟ್ಟೆ.

ಅಲ್ಲಿಂದ ಮುಂದೆ ಎಲ್ಲವೂ ಕಂಬದ ಮೂಲಕವೇ. ಜಯಳಿಗೆ ಹಲ್ಲು ಬಂದದ್ದನ್ನು ಕಂಬಕ್ಕೆ ಹೇಳಿದೆ. ಮಾವನ ಕೆಮ್ಮಿಗೆ ಕಷಾಯ ಇಟ್ಟಿರುವುದನ್ನು ಕಂಬಕ್ಕೆ ಹೇಳಿದೆ. ಇದರಲ್ಲಿ ಏನಾದರೂ ವಿಶೇಷವಿದೆ ಅಂತ ನನಗೆ ಆಗ ಅನ್ನಿಸಿರಲಿಲ್ಲ.

ಸಂಜೆಯ ಹೊತ್ತು ಕೊಯಮತ್ತೂರು ನಿಲಯದಿಂದ ನಗೆನಾಟಕ ಬರುತ್ತಿತ್ತು. ಕಂಡಿಕೆ ಸುತ್ತುತ್ತ ಅರ್ಧ ಕಣ್ಣು ಮುಚ್ಚಿ ಕೇಳುತ್ತಿದ್ದೆ. ಕೆಲವು ಸಲ ಮುಂದಿನ ಮಾತು ರೇಡಿಯೋ ಹೇಳುವ ಮೊದಲೇ ನನ್ನ ಬಾಯಿಗೆ ಬರುತ್ತಿತ್ತು. ಕೆಲವು ಸಲ ನನ್ನ ಮಾತೇ ಅವರದಕ್ಕಿಂತ ಚೆನ್ನಾಗಿತ್ತು. ಆ ದನಿಗಳೆಲ್ಲ ಎಲ್ಲಿಂದಲೋ ಗಾಳಿಯಲ್ಲಿ ತೇಲಿ ಬಂದು ನಮ್ಮ ಕಂಬದಲ್ಲಿ ಇಳಿಯುವುದು ನೆನೆದರೆ ಮೈ ಜುಂ ಅನ್ನುತ್ತಿತ್ತು. ಅಲ್ಲಿಂದ ಇಲ್ಲಿಗೆ ಬರುವುದಾದರೆ ಇಲ್ಲಿಂದ ಅಲ್ಲಿಗೆ ಯಾಕೆ ಹೋಗಬಾರದು?

ಬರೆದೆ. ಶಾಲೆಯಲ್ಲಿ ಕಲಿತ ತಮಿಳಿನಲ್ಲೇ. ಆದರೆ ಏನು ಬರೆದೆ ಗೊತ್ತೇ? ಕೊಯಮತ್ತೂರಿನ ಸಿರಿವಂತರ ಬಡಾವಣೆ ಆರ್.ಎಸ್. ಪುರಂನ ಬಂಗಲೆಯ ಯಜಮಾನಿ, ಅವಳ ಮನೆಗೆ ಬರುವ ಡಾಕ್ಟರು, ಟೆಲಿಫೋನು. ನಾನು ಬಂಗಲೆಯ ಒಳಗೆ ಕಾಲಿಟ್ಟವಳಲ್ಲ. ಟೆಲಿಫೋನಿನಲ್ಲಿ ಕೇಳುವ ಕಡೆ ಯಾವುದು, ಮಾತಾಡುವ ಕಡೆ ಯಾವುದು ಅಂತಲೂ ತಿಳಿಯದು. ರೇಡಿಯೋದ ನಾಟಕಗಳಲ್ಲಿ ಅವೇ ಇರುತ್ತಿದ್ದವು, ಆದ್ದರಿಂದ ನಾಟಕ ಅಂದರೆ ಅದೇ ಅಂದುಕೊಂಡಿದ್ದೆ. ಅಂಚೆಯವನು ಲಕೋಟೆಗಳನ್ನು ಒಂದೊಂದಾಗಿ ವಾಪಸು ತಂದ. ಮಾವ ಅವನ್ನು ತೆರೆಯದೆ ಕಂಬದ ಬುಡದಲ್ಲಿ ಇಡುತ್ತಿದ್ದರು. ಐದನೆಯದೋ ಆರನೆಯದೋ ಬಂದಾಗ ಕೇಳಿದರು:

"ಏ ಕಂಬ, ಹೋಗಿದ್ದೆಲ್ಲ ತಿರುಗಿ ಬತ್ತಾ ಅದಲ್ಲ. ವಿಳಾಸ ಸೆರಿಯಾಗಿ ಬರೀತಾವ್ರಾ?"

"ವಿಳಾಸ ಸೆರಿಯಾಗೇ ಅದೆ ಕಂಬ. ಒಳಗಿರೋದು ಸೆರಿಯಿಲ್ಲ," ಅಂದೆ.

ಏನು ಕಳಿಸುತ್ತಿದ್ದೇನೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಒಂದು ಲಕೋಟೆಯಲ್ಲಿ ಮಾತ್ರ ಯಾರೋ ಕೆಂಪು ಶಾಯಿಯಲ್ಲಿ ಒಂದು ಸಾಲು ಬರೆದಿದ್ದರು: "ಅಮ್ಮಾ, ಯಜಮಾನಿ ಮುಖ ಸೊಟ್ಟ ಮಾಡುವುದನ್ನು ಕೇಳುವವರು ಹೇಗೆ ನೋಡಬೇಕು?" ನಾನು ಪುಟಕ್ಕೆ ನಾಲ್ಕು ಸಲ ಕಣ್ಣು ಮಿಟುಕಿಸುವುದು, ಮೂಗು ಮುರಿಯುವುದು, ಎಲ್ಲ ಬರೆದಿದ್ದೆ! ನಾಚಿಕೆಯಿಂದ ಆ ಕಾಗದವನ್ನು ಒಲೆಗೆ ಹಾಕಲು ಹೋಗಿ ನಿಲ್ಲಿಸಿದೆ. ಯಾರೋ ಓದಿದ್ದಾರೆ ಅಂತ ಆಯಿತಲ್ಲ. ಆ ಸಾಲನ್ನು ಕತ್ತರಿಸಿ ಅರಿಶಿನದ ಡಬ್ಬಿಯಲ್ಲಿ ಇಟ್ಟುಕೊಂಡೆ.

ಹೋಗಿ ಕೇಳಿಯೇ ಬಿಡೋಣ ಅಂತ ಒಂದು ದಿನ ಟೌನ್ ಬಸ್ಸು ಹತ್ತಿದೆ. ಮೊದಲ ಸಲ ರೇಡಿಯೋ ನಿಲಯದ ಗೇಟಿನ ತನಕ ಹೋಗಿ ವಾಪಸು ಬಂದೆ. ಎರಡನೆಯ ಸಲ ಒಳಗಿನ ಬೆಂಚಿನ ತನಕ. ಅಲ್ಲಿ ನಾಟಕ ಬರೆಯುವವರು ಅಂತ ನಾಲ್ಕೈದು ಜನ ಗಂಡಸರು ಚಹಾ ಕುಡಿಯುತ್ತ ನಿಂತಿದ್ದರು. ಒಬ್ಬರಿಗೆ ಬ್ಯಾಂಕಿನಲ್ಲಿ ಕೆಲಸ, ಒಬ್ಬರು ಕಾಲೇಜಿನವರು. ಅರ್ಧ ಮಾತಾಡಿದರೆ ಉಳಿದರ್ಧಕ್ಕೆ ನಗುತ್ತಿದ್ದರು, ಯಾಕೆಂದರೆ ಉಳಿದರ್ಧ ಎಲ್ಲರಿಗೂ ಮೊದಲೇ ಗೊತ್ತಿತ್ತು. ಹೊರಗಿನವರು ಅಂದರೆ ಅದೇ ನಂದಿನಿ. ಯಾರೂ ನನ್ನನ್ನು ತಳ್ಳಲಿಲ್ಲ. ಅವರ ನಗು ಎಲ್ಲಿ ಶುರುವಾಗುತ್ತದೆ ಅಂತ ನನಗೆ ತಿಳಿಯಲಿಲ್ಲ, ಅಷ್ಟೇ.

ಮೂರನೆಯ ಸಲ ಹೋದಾಗ ಗೇಟಿನವರು ಗುರುತು ಹಿಡಿದರು. ಅಲ್ಲಿ ಆಡಿದ ಮಾತೆಲ್ಲ ತಮಿಳು, ಇಲ್ಲಿ ನಿನಗಾಗಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. "ಬನ್ನಿ ಅಮ್ಮಣಿ, ಇವತ್ತೇ ನಿಮ್ಮ ದಿನ. ಒಳಗೆ ಹೋಗಿ," ಅಂದರು. ಒಳಗೆ ಒಬ್ಬರು ಕೈಹಿಡಿದು ಕರೆದುಕೊಂಡು ಹೋಗಿ ದಪ್ಪ ಬಾಗಿಲಿನ ಒಂದು ಕೋಣೆಯಲ್ಲಿ ಕೂರಿಸಿದರು. ಬಾಗಿಲು ಮುಚ್ಚಿತು. ಅಂಥ ನಿಶ್ಶಬ್ದವನ್ನು ನಾನು ಅದುವರೆಗೆ ಕೇಳಿರಲಿಲ್ಲ. ಗೋಡೆಗಳು ನನ್ನ ಉಸಿರನ್ನೂ ಕುಡಿದುಬಿಟ್ಟವು. ಎದುರಿಗೆ ಒಂದು ಕಬ್ಬಿಣದ ಕೋಲು, ತುದಿಯಲ್ಲಿ ಮೈಕು. ಗಾಜಿನ ಆಚೆಯಿಂದ ಒಂದು ದನಿ ಬಂತು: "ಹಾಡಿ ಅಮ್ಮಾ."

ಅದು ಜನಪದ ಗೀತೆಗಳನ್ನು ರೆಕಾರ್ಡ್ ಮಾಡುವ ದಿನ. ಹಳ್ಳಿಯ ಹೆಂಗಸು ಬಂದಿದ್ದಾಳೆ ಅಂದರೆ ಹಾಡಲಿಕ್ಕೇ ಬಂದಿರಬೇಕು. ನಾನು ಹಾಡುವವಳಲ್ಲ ಅನ್ನಬೇಕಿತ್ತು. ಅನ್ನಲಿಕ್ಕೆ ಬಾಯಿ ಬರಲಿಲ್ಲ, ಹಾಡಲಿಕ್ಕೆ ಬಂತು! ಜಯಳನ್ನು ಮಲಗಿಸುವಾಗ ಗುನುಗುವುದನ್ನು ಪೂರ್ತಿ ಹಾಡಿಬಿಟ್ಟೆ. ಮುಗಿದ ಮೇಲೆ ಗಾಜಿನ ಆಚೆಯವರು ಒಳಗೆ ಬಂದರು. ವೇದವಲ್ಲಿ ಅಮ್ಮ ಅಂತ, ನಾಟಕ ವಿಭಾಗವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ದಪ್ಪ ಕನ್ನಡಕ, ಕೊರಳಲ್ಲಿ ದಾರಕ್ಕೆ ಕಟ್ಟಿದ, ನಿಮಿಷ ಅಳೆಯುವ ಸ್ಟಾಪ್‌ವಾಚು.

"ಇದು ಯಾವ ಭಾಷೆ ಅಮ್ಮಾ?"

"ಮನೆ ಭಾಷೆ. ಕನ್ನಡ."

"ಚೆನ್ನಾಗಿದೆ. ಅದಕ್ಕೆ ಯಾಕೆ ಅಳುತ್ತಿದ್ದೀರಿ?"

"ನಾನು ಹಾಡಲಿಕ್ಕೆ ಬಂದವಳಲ್ಲ," ಅಂದೆ, ನೆಲ ನೋಡುತ್ತ. "ನಗೆನಾಟಕ ಕಳಿಸಿದ್ದೆ. ಮುಖ ಸೊಟ್ಟ ಮಾಡುವುದು."

ಅವರು ಬಾಯಿ ಮುಚ್ಚಿಕೊಂಡು ನಕ್ಕರು. ಕೆಂಪು ಶಾಯಿ ಅವರದೇ. "ಮತ್ತೆ ಹಾಡುವ ಮೊದಲು ಹೇಳಬಾರದಿತ್ತಾ ಅಮ್ಮಾ?"

"ಮನುಷ್ಯರ ಹತ್ತಿರ ಮಾತಾಡಿ ಅಭ್ಯಾಸ ಇಲ್ಲ. ಮನೆಯಲ್ಲಿ ಕಂಬದ ಹತ್ತಿರವೇ ಮಾತು."

ಏನು ಹಾಗಂದರೆ, ಅಂತ ಕೇಳಿದರು. ಹೇಳಿದೆ. ಉಪ್ಪಿನದು ಹೇಳಿದೆ, ಕಷಾಯದ್ದು ಹೇಳಿದೆ. ಅವರು ನಗುವುದನ್ನು ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿಕೊಂಡರು. "ಬಂಗಲೆಯ ಯಜಮಾನಿಯನ್ನು ಬರೆಯಲು ನನ್ನ ಹತ್ತಿರ ನಾಲ್ಕು ಜನ ಇದ್ದಾರೆ. ನೀವು ಇದನ್ನು ಬರೆಯಿರಿ," ಅಂದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬಂದೆ. ಗಾಳಿಗೆ ಕಣ್ಣು ಎಳೆಯುತ್ತಿತ್ತು. ದಾರಿಯ ಉದ್ದಕ್ಕೂ ವಿದ್ಯುತ್ ಕಂಬಗಳು ಒಂದರ ಹಿಂದೊಂದು ಬಂದು ನನಗೆ ಏನೋ ಹೇಳಿ ಹೋದ ಹಾಗೆ. ಅನ್ನೂರು ಬರುವಷ್ಟರಲ್ಲಿ ತಲೆಯೊಳಗೆ ನಾಟಕ ಮುಗಿದಿತ್ತು. ಇಳಿದು ನಡೆಯುವಾಗ ಭಯ ಹತ್ತಿತು. ಇದು ಮಾವನ ಕತೆ. ಊರೆಲ್ಲ ಕೇಳುವ ರೇಡಿಯೋದಲ್ಲಿ ಮಾವನ ಉಪ್ಪು, ಮಾವನ ಕೆಮ್ಮು. ಮನೆಯ ಮರ್ಯಾದೆಯನ್ನು ನಗೆಪಾಟಲು ಮಾಡಿದಳು ಅಂತ ಅವರಿಗೆ ಅನ್ನಿಸಿದರೆ ಅಲ್ಲಿಗೆ ಮುಗಿಯಿತು. ಆಮೇಲೆ ಕಂಬವೂ ಇರುವುದಿಲ್ಲ.

ಆದರೂ ಬರೆದೆ. ಒಂದನ್ನು ಮಾತ್ರ ಬದಲಿಸಿದೆ. ಮಾತು ಹೊರುವ ಮಗ ತೀರಿಕೊಂಡಿದ್ದಾನೆ ಅಂತ ನಗೆನಾಟಕದಲ್ಲಿ ಹೇಗೆ ಬರೆಯುವುದು? ಮಗ ತಿರುಪ್ಪೂರಿನ ಬನಿಯನ್ ಕಂಪನಿಗೆ ಕೆಲಸಕ್ಕೆ ಹೋಗಿದ್ದಾನೆ, ಶನಿವಾರ ಬರುತ್ತಾನೆ ಅಂತ ಬರೆದೆ. ಬರೆದ ಮೇಲೆ ಆ ಪುಟವನ್ನು ಸುಮ್ಮನೆ ನೋಡುತ್ತ ಕೂತಿದ್ದೆ.

ಈ ಸಲ ಲಕೋಟೆ ತಿರುಗಿ ಬರಲಿಲ್ಲ. ಬರುವಂತೆ ಹೇಳಿ ಕಾರ್ಡು ಬಂತು. ಹೋದೆ. ನನ್ನ ಹೆಸರು ಹೇಳುವುದು ಬೇಡ ಅಂತ ವೇದವಲ್ಲಿ ಅಮ್ಮನ ಹತ್ತಿರ ಬೇಡಿಕೊಂಡೆ. ಅವರು ಒಪ್ಪಲಿಲ್ಲ. "ಹೆಸರು ಹೇಳದಿದ್ದರೆ ಆ ಚಹಾ ಕುಡಿಯುವವರಲ್ಲಿ ಯಾರೋ ಬರೆದಿದ್ದಾರೆ ಅಂದುಕೊಳ್ಳುತ್ತಾರೆ. ನಿಮಗೆ ಪರವಾಗಿಲ್ಲವಾ? ಮಾವನವರನ್ನು ಕೇಳಿ. ಅವರು ಬೇಡ ಅಂದರೆ ನಾಟಕವನ್ನೇ ಕೈಬಿಡೋಣ. ಹೆಸರು ಮಾತ್ರ ಬಿಡುವುದಿಲ್ಲ."

ತಾಲೀಮಿನಲ್ಲಿ ಇನ್ನೊಂದು ಫಜೀತಿ. ಮಾವನ ಪಾತ್ರಕ್ಕೆ ಹಳೆಯ ನಾಟಕ ಕಂಪನಿಯ ನಟರೊಬ್ಬರು ಬಂದಿದ್ದರು, ಸುಬ್ಬಯ್ಯ ಅಣ್ಣ ಅನ್ನುತ್ತಿದ್ದರು. ಓದಿ ಮುಗಿಸಿ ಕಾಗದವನ್ನು ತೊಡೆಯ ಮೇಲೆ ಬಡಿದರು.

"ನಗು ಎಲ್ಲಿದೆ ಅಮ್ಮಣಿ? ಯಾರೂ ಜಾರಿ ಬೀಳಲಿಲ್ಲ. ಯಾರಿಗೂ ಏಟು ಬೀಳಲಿಲ್ಲ. ಆ ಕಂಬಕ್ಕಾದರೂ ಒಂದು ದನಿ ಕೊಡಿ, ನಾನೇ ಕೀರಲು ದನಿಯಲ್ಲಿ ಮಾತಾಡುತ್ತೇನೆ."

ಕಂಬ ಮಾತಾಡಬಾರದು ಅಂತ ನನಗೆ ಗೊತ್ತಿತ್ತು. ಯಾಕೆ ಅಂತ ಹೇಳಲು ಬಾಯಿ ಬರಲಿಲ್ಲ. ಅವರು ಮಾವನ ವಯಸ್ಸಿನವರು, ಎದುರಿಗೇ ಕೂತಿದ್ದಾರೆ, ಮೀಸೆಯೂ ಹಾಗೇ ಇದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆಗ ನಾನು ಏನು ಮಾಡಿದೆ ಅಂದರೆ, ತಿರುಗಿ ಆ ಮೈಕಿನ ಕೋಲಿಗೆ ಹೇಳಿದೆ:

"ಏ ಕಂಬ, ಅಣ್ಣನವರಿಗೆ ಹೇಳು. ಅವರು ಮಾತು ಮುಗಿದ ಕೂಡಲೇ ಮುಂದಿನ ಮಾತು ಹಿಡಿಯುತ್ತಾರೆ. ಹಿಡಿಯಬಾರದು. ಲಾಳಿ ಆ ಕಡೆ ಹೋಗಿ ಈ ಕಡೆ ಬರುವಷ್ಟು ಹೊತ್ತು ಸುಮ್ಮನೆ ಇರಬೇಕು. ಆ ಹೊತ್ತಿನಲ್ಲೇ ನಗು ಇರುವುದು."

ಸುಬ್ಬಯ್ಯ ಅಣ್ಣ ನನ್ನನ್ನು ನೋಡಿದರು, ಕೋಲನ್ನು ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಕೋಲಿಗೇ ಹೇಳಿದರು: "ಏ ಕಂಬ, ಲಾಳಿ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಈ ಮುದುಕನಿಗೆ ತೋರಿಸಲು ಹೇಳು."

ಗಾಜಿನ ಆಚೆ ವೇದವಲ್ಲಿ ಅಮ್ಮ ಮೇಜಿನ ಮೇಲೆ ತಲೆಯಿಟ್ಟು ನಗುತ್ತಿದ್ದರು. ನಾನು ಬೆರಳಿನಿಂದ ಕುರ್ಚಿಯ ಕೈ ತಟ್ಟಿ ತೋರಿಸಿದೆ. ಟಕ್. ಟಕ್. ಅಣ್ಣ ಅದೇ ಅಳತೆಯಲ್ಲಿ ಓದಿದರು. ಬಾಗಿಲ ಬಳಿ ಚಹಾ ತಂದು ನಿಂತಿದ್ದ ಹೆಂಗಸು ಮೊದಲು ನಕ್ಕಳು.

ಇಲ್ಲಿ ಸ್ವಲ್ಪ ನಿಲ್ಲಿಸಿ, ಮುಂದಿನ ವರ್ಷಗಳ ಸಣ್ಣಪುಟ್ಟದ್ದನ್ನು ಹೇಳಿಬಿಡುತ್ತೇನೆ, ನಾಟಕ ರೇಡಿಯೋದಲ್ಲಿ ಬಂದ ಆ ಸಂಜೆಯದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಆ ಕಾರ್ಯಕ್ರಮ ನಿಲ್ಲುವವರೆಗೆ ನಾನು ಬರೆದೆ. ಒಮ್ಮೆ ಸೊಸೆಯ ಬಾಯಲ್ಲಿ ಗಂಡನ ಹೆಸರು ಹೇಳಿಸಿಬಿಟ್ಟೆ. ನಮ್ಮ ಬೀದಿಯ ಹೆಂಗಸರು ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟರು, ಅವರದೇ ಸರಿ. ಇನ್ನೊಮ್ಮೆ ನಾಟಕ ಎರಡು ನಿಮಿಷ ಕಡಿಮೆ ಬಿತ್ತು. ನಮ್ಮ ಮನೆಯಲ್ಲಿ ಗಡಿಯಾರವಿರಲಿಲ್ಲ. ಇಷ್ಟು ಕಂಡಿಕೆ ಸುತ್ತಿದರೆ ಇಷ್ಟು ನಿಮಿಷ ಅಂತ ಲೆಕ್ಕ, ಆ ದಿನ ನೂಲು ದಪ್ಪವಾಗಿತ್ತು, ಕಂಡಿಕೆ ಬೇಗ ತುಂಬಿತು. ಉಳಿದ ಹೊತ್ತಿಗೆ ನಾಗಸ್ವರ ಹಾಕಿದರು. ಮೊದಲು ದೊಡ್ಡ ಚಕ್ರದ ಟೇಪು, ಬೇಡದ ಮಾತನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುತ್ತಿದ್ದರು. ಕತ್ತರಿಸಿದ ತುಂಡುಗಳು ನೆಲದ ಮೇಲೆ ಸುರುಳಿ ಸುರುಳಿಯಾಗಿ ಬಿದ್ದಿರುತ್ತಿದ್ದವು, ನಮ್ಮ ಮನೆಯ ನೂಲಿನ ಹಾಗೆಯೇ. ಯಾರದೋ ನಗು, ಯಾರದೋ ಉಸಿರು. ತುಳಿಯದೆ ನಡೆಯುತ್ತಿದ್ದೆ.

ಚಹಾ ಕುಡಿಯುವವರ ಜೊತೆ ನಾನು ಕೊನೆಯವರೆಗೂ ನಿಲ್ಲಲಿಲ್ಲ. ಅವರು ನನಗೂ ಒಂದು ಲೋಟ ತೆಗೆದಿಡುವಂತಾಯಿತು. ನಾನು ಅದನ್ನು ಬೆಂಚಿಗೆ ತಂದು ಕುಡಿಯುತ್ತಿದ್ದೆ. ಅಷ್ಟು ಸಾಕಿತ್ತು.

ಈಗ ಆ ಸಂಜೆ.

ಮಾವನನ್ನು ಕೇಳಬೇಕಿತ್ತು. ದಿನಾ ಬೆಳಿಗ್ಗೆ ಬಾಗಿಲ ಮರೆಯಲ್ಲಿ ನಿಂತು "ಏ ಕಂಬ" ಅನ್ನುತ್ತಿದ್ದೆ. "ಏನಂತೆ ಕಂಬ?" ಅಂತ ಮಗ್ಗದಿಂದ ಕೇಳುತ್ತಿತ್ತು. "ನೀರು ಕಾದದೆ," ಅನ್ನುತ್ತಿದ್ದೆ. ಹೀಗೆ ನೀರು ಕಾಯಿಸಿ ಕಾಯಿಸಿಯೇ ಆ ದಿನ ಬಂದುಬಿಟ್ಟಿತು. ವೇದವಲ್ಲಿ ಅಮ್ಮನಿಗೆ ನಾನು ಸುಳ್ಳು ಹೇಳಿದ್ದೆ, ಮಾವ ಒಪ್ಪಿದರು ಅಂತ.

ಹೊತ್ತು ಇಳಿಯುತ್ತಿತ್ತು. ಮಗ್ಗದ ಎಳೆಗಳ ಮೇಲೆ ಬಿಸಿಲು ಹಳದಿಯಾಗಿ ಮಲಗಿತ್ತು. ರೇಡಿಯೋ ಕೇಳಲು ಪಕ್ಕದ ಮನೆಯವರೂ ಜಗುಲಿಗೆ ಬಂದು ಕೂತರು. ನಾನು ಒಲೆಯ ಹಿಂದೆ ಹೋಗಿ ಕೂತೆ. ನಾಟಕದ ಹೆಸರು ಬಂತು. ಆಮೇಲೆ ನನ್ನ ಹೆಸರು, ಪಟ್ಟಣದ ದನಿಯಲ್ಲಿ, ಒಂದೊಂದು ಅಕ್ಷರವನ್ನೂ ಮೆಲ್ಲಗೆ ಇಳಿಸಿದ ಹಾಗೆ: ಸೌಡಮ್ಮಾಳ್.

ಲಾಳಿ ನಿಂತಿತು.

ಆಗ ಐದು ವರ್ಷದವಳಾಗಿದ್ದ ಜಯ "ಅಮ್ಮಾ, ಕಂಬ ನಿನ್ನ ಹೆಸರು ಹೇಳ್ತು!" ಅಂತ ಕೂಗಿದಳು. ಯಾರೋ ಅವಳನ್ನು ಸುಮ್ಮನಾಗಿಸಿದರು. ಸುಬ್ಬಯ್ಯ ಅಣ್ಣನ ದನಿ ಉಪ್ಪು ಕೇಳಿತು. ಜಗುಲಿಯಲ್ಲಿ ನಗು ಎದ್ದಿತು. ಕಷಾಯ ಬಂತು, ಮತ್ತೆ ನಗು. ನಾನು ಆ ನಗುವನ್ನು ಕೇಳಲಿಲ್ಲ. ಮಗ್ಗದ ಕಡೆಯ ಸದ್ದನ್ನು ಹುಡುಕುತ್ತಿದ್ದೆ. ಅಲ್ಲಿ ಏನೂ ಇರಲಿಲ್ಲ. ಇಷ್ಟು ವರ್ಷ ನಾವಿಬ್ಬರೂ ಹೇಳಿದ್ದನ್ನೆಲ್ಲ ಕೇಳಿಕೊಂಡು ನಿಂತಿದ್ದ ಕಂಬ ಈಗ ಎಲ್ಲವನ್ನೂ ವಾಪಸು ಹೇಳುತ್ತಿತ್ತು, ನಮಗಿಬ್ಬರಿಗೂ ಒಟ್ಟಿಗೆ.

ನಾಟಕ ಮುಗಿಯಿತು. ಮಾರುಕಟ್ಟೆ ಧಾರಣೆ ಶುರುವಾಯಿತು. ಪಕ್ಕದ ಮನೆಯ ಮುದುಕ, "ಏನುಂಗ, ಕಂಬಕ್ಕೆ ಉಪ್ಪು ಸರಿಯಾಯ್ತುಂಗಳಾ?" ಅಂತ ತಮಿಳಿನ ಧಾಟಿಯಲ್ಲಿ ಮಾವನನ್ನು ಕಿಚಾಯಿಸಿ ಹೋದ. ಎಲ್ಲರೂ ಎದ್ದುಹೋದರು. ಮಾವ ಮಗ್ಗದಿಂದ ಎದ್ದು ಬಂದು ರೇಡಿಯೋ ಆರಿಸಿದ್ದು ಕೇಳಿಸಿತು. ಕಂಬದ ಹತ್ತಿರವೇ ನಿಂತಿದ್ದರು. ನಾನು ಬಾಗಿಲ ಮರೆಗೆ ಬಂದೆ. ಏನು ಬಂದರೂ ಕೇಳಬೇಕಲ್ಲ.

"ಏ ಕಂಬ," ಅಂದರು. ಲಾಳಿ ಹೋಗಿ ಬರುವಷ್ಟು ಹೊತ್ತು ಸುಮ್ಮನಿದ್ದರು. "ಆ ನಾಟಕದಲ್ಲಿ ತಿರುಪ್ಪೂರಿಗೆ ಹೋದ್ನಲ್ಲ ಮಗ, ಅವ್ನು ಯಾವಾಗ ಬತ್ತಾನೆ? ಬರೆದೋರ್ನ ಕೇಳು."

ಬಾಗಿಲಿಗೆ ಹಣೆಯಿಟ್ಟು ನಿಂತೆ.

"ಶನಿವಾರ ಬತ್ತಾನಂತೆ ಅಂತ ಹೇಳು ಕಂಬ," ಅಂದೆ. "ಇನ್ನೊಂದು ನಾಟಕ ಬರೆದ್ರೆ."

ಮಾವ ವಾಪಸು ಹೋಗಿ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟರು. ಒಂದು ಎಳೆ ಹರಿದಿತ್ತು ಅಂತ ಕಾಣುತ್ತದೆ, ಬೆರಳಿನಿಂದ ತಡವಿ ತಡವಿ ಗಂಟು ಹಾಕಿದರು.

"ಹಂಗಾರೆ ಬರೀಲಿ ಅಂತ ಹೇಳು," ಅಂದರು.

ಎಷ್ಟು ಬರೆದೆ ಅಂತ ಎಣಿಸಿಲ್ಲ. ಎಲ್ಲದರಲ್ಲೂ ಅದೇ ಮಾವ, ಅದೇ ಸೊಸೆ, ಅದೇ ಕಂಬ. ಮಗ ಎಲ್ಲದರಲ್ಲೂ ಶನಿವಾರ ಬರುವವನೇ. ಒಂದರಲ್ಲೂ ನಾನು ಅವನನ್ನು ಕರೆತರಲಿಲ್ಲ, ಮಾವನೂ ಮತ್ತೆ ಕೇಳಲಿಲ್ಲ. ನಾಟಕವಿದ್ದ ದಿನ ಮಾತ್ರ ಲಾಳಿ ನಿಲ್ಲಿಸಿ ಕೇಳುತ್ತಿದ್ದರು.

ನಂದಿನಿ, ಇವತ್ತೂ ನೀನು ಬಾಗಿಲು ಹಾಕಿಕೊಂಡಿದ್ದೀಯ. ತಟ್ಟೆ ಹೊರಗೆ ಸ್ಟೂಲಿನ ಮೇಲೆ ಇಟ್ಟಿದ್ದೇನೆ. ಸಾರಿಗೆ ಉಪ್ಪು ಕಡಿಮೆಯಾಗಿದ್ದರೆ ಬಾಗಿಲಿಗೆ ಹೇಳು.